ಊಟಕ್ಕೆ ಸೇರದ ಬ್ರೆಡ್ಡು

ಜನವರಿ 7, ಮಂಗಳವಾರ

ಆರೋಗ್ಯ ಕೇಂದ್ರದ ನರ್ಸ್ ಜೊವೆಲಿನ್ ಇವತ್ತು ನನಗೊಂದು ನೋಟ್ ಪುಸ್ತಕ ಕೊಟ್ಟಳು. ತಿಂದದ್ದನ್ನೆಲ್ಲ ಅದರಲ್ಲಿ ಬರೆದು ಪ್ರತಿ ಮಂಗಳವಾರ ತೋರಿಸಬೇಕಂತೆ. ಮೂವತ್ತೊಂದು ವರ್ಷ ಪುರಸಭೆಯ ತೂಕ-ಅಳತೆ ಇನ್‌ಸ್ಪೆಕ್ಟರ್ ಆಗಿ ಇಡೀ ಪೇಟೆಯ ತಕ್ಕಡಿಗಳನ್ನು ನಡುಗಿಸಿದವನು ನಾನು, ಎಸ್ತೆಬಾನ್ ಮಗ್‌ಸಿನೊ, ಹೆಂಡತಿಯ ಬಾಯಲ್ಲಿ ತೆಬನ್. ಈಗ ಇಪ್ಪತ್ತಾರು ವರ್ಷದ ಹುಡುಗಿಯ ಮುಂದೆ ಹೊಟ್ಟೆಯ ವರದಿ ಒಪ್ಪಿಸಬೇಕು. ಬರುವಾಗ ಇನ್ನೊಂದು ಪುಸ್ತಕ ಕೊಂಡು ತಂದೆ. ಅದು ಅವಳಿಗೆ, ಇದು ನನಗೆ. ಕಣ್ಣಿಗೆ ಪೊರೆ ಬಂದಿರುವುದರಿಂದ ಒಂದೊಂದು ಅಕ್ಷರವನ್ನೂ ಬದನೆಕಾಯಿ ಗಾತ್ರ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಏಪ್ರಿಲ್ ಎಂಟಕ್ಕೆ ಮನಿಲಾದ ಡಾಕ್ಟರುಗಳು ನಮ್ಮೂರಿಗೆ ಬಂದು ಪೊರೆಯ ಆಪರೇಷನ್ನನ್ನು ಬಿಟ್ಟಿಯಾಗಿ ಮಾಡುತ್ತಾರೆ. ಪಟ್ಟಿಯಲ್ಲಿ ನನ್ನದು ಹದಿನಾಲ್ಕನೆಯ ನಂಬರು. ಆದರೆ ಆ ದಿನ ಬೆಳಗ್ಗೆ ಶುಗರ್ ನೂರ ಎಂಬತ್ತರ ಮೇಲಿದ್ದರೆ ಬಾಗಿಲಿಂದಲೇ ಮನೆಗೆ ಕಳಿಸುತ್ತಾರೆ. ಇವತ್ತು ನನ್ನದು 268.

"ಅನ್ನ ಎಷ್ಟು ತಿಂತೀರಿ ತಾತ?" ಎಂದಳು. ಅರವತ್ತಾರಕ್ಕೇ ತಾತನಂತೆ.

"ಅರ್ಧಕ್ಕೆ ಇಳಿಸಿದೀನಿ."

"ಮತ್ತೆ ಇದ್ಯಾಕೆ ಇಳೀತಿಲ್ಲ? ಬ್ರೆಡ್ ತಿಂತೀರಾ?"

"ತಿಂತೀನಪ್ಪ. ಅದೇನು ಊಟಾನಾ?"

ಹುಡುಗಿ ಮುಖ ಮುಚ್ಚಿಕೊಂಡು ನಕ್ಕಳು. ಏನು ನಗುವಂಥದ್ದು? ಅನ್ನ ಮುಟ್ಟದೆ ಎದ್ದರೆ ನಮ್ಮಲ್ಲಿ ಯಾರೂ ಊಟ ಆಯಿತು ಅನ್ನುವುದಿಲ್ಲ. ಪಾಂಡೆಸಾಲ್ ಎಂದರೆ ಅಂಗೈ ತುಂಬದ ಬನ್ನು. ಬೆಳಗ್ಗೆ ಕಾಫಿಗೆ ಅದ್ದುವುದಕ್ಕೆ, ಹತ್ತಕ್ಕೆ ಬಾಯಾಡಿಸುವುದಕ್ಕೆ, ಮೂರು ಗಂಟೆಗೆ ಮತ್ತೆ ಬಾಯಾಡಿಸುವುದಕ್ಕೆ. ಅದನ್ನು ಯಾರಾದರೂ ಎಣಿಸುತ್ತಾರೆಯೇ?

ಜನವರಿ 8, ಬುಧವಾರ

ಎಣಿಸಿದೆ. ದಿನಕ್ಕೆ ಒಂಬತ್ತು.

ಮದುವೆಯಾದಾಗಿನಿಂದ ಪ್ರತಿ ಬೆಳಗ್ಗೆ ಪಿದ್ಯೊಂಗನ ಬೇಕರಿಯಿಂದ ಹದಿನೈದು ಪಾಂಡೆಸಾಲ್ ತರುವುದು ನಮ್ಮ ಮನೆಯ ರೂಢಿ. ಒಂಬತ್ತು ನನಗೆ, ಆರು ಸಾಲಿಂಗ್‌ಗೆ. ಇನ್ನು ಮೇಲೆ ನಾಲ್ಕೇ ತಿನ್ನುವುದೆಂದು ಹೆಂಡತಿಯ ಮುಂದೆ ಶಪಥ ಮಾಡಿದೆ.

"ಹಾಗಾದ್ರೆ ನಾಳೆಯಿಂದ ಹತ್ತೇ ತಾ," ಎಂದಳು ಸಾಲಿಂಗ್.

ಹೆಂಗಸರಿಗೆ ಹೊರಗಿನ ವ್ಯವಹಾರ ತಿಳಿಯುವುದಿಲ್ಲ. ಪಿದ್ಯೊಂಗ್ ನನ್ನ ಮುಖ ಕಂಡ ಕೂಡಲೇ ಹದಿನೈದು ತುಂಬಿಡುತ್ತಾನೆ. ಹತ್ತು ಸಾಕು ಅಂದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಇನ್‌ಸ್ಪೆಕ್ಟರಿಗೆ ಕಾಯಿಲೆ ಎಂದು ಸುದ್ದಿಯಾಗುತ್ತದೆ. ಆದ್ದರಿಂದ ಹದಿನೈದೇ ಬರುತ್ತವೆ. ಉಳಿದದ್ದನ್ನು ಬಿಸಾಡುವುದು ನಮ್ಮ ಮನೆಯಲ್ಲಿ ಮಹಾಪಾಪ. ಬ್ರೆಡ್ಡು ನೆಲಕ್ಕೆ ಬಿದ್ದರೂ ಎತ್ತಿ, ಮುತ್ತಿಟ್ಟು, ದೇವರ ಕ್ಷಮೆ ಕೇಳಿ ತಿನ್ನುವವಳು ಸಾಲಿಂಗ್. ಹಾಗಾಗಿ ನನ್ನ ಪಾಲಿನ ಐದನ್ನೂ ಅವಳೇ ತಿಂದಳು. ತಿನ್ನುತ್ತಾ, "ನಮ್ಮಮ್ಮಂಗೂ ಇದೇ ಕಾಯಿಲೆ ಇತ್ತಲ್ಲ, ಕೊನೆಗೆ ಕಾಲೇ ತೆಗೆದ್ರು," ಎಂದಳು. ಅವಳ ಅಮ್ಮನ ಕತೆ ಎಲ್ಲದಕ್ಕೂ ಒಂದು ಇದ್ದೇ ಇರುತ್ತದೆ.

ನಾನು ತ್ಯಾಗ ಮಾಡಿದೆ, ಅವಳು ಪಾಪ ತಪ್ಪಿಸಿದಳು. ಸಂಸಾರ ಹೀಗೆ ಹೊಂದಿಕೊಂಡು ಹೋಗಬೇಕು.

ಜನವರಿ 15, ಬುಧವಾರ

ಶುಭ ಸಮಾಚಾರ. ಪಿದ್ಯೊಂಗ್ ಹೊಸ ಬೋರ್ಡು ಹಾಕಿದ್ದಾನೆ: ನುಗ್ಗೆ ಸೊಪ್ಪಿನ ಪಾಂಡೆಸಾಲ್, ಶುಗರಿನವರಿಗೆ ಒಳ್ಳೆಯದು. ಸಾಲಿಂಗ್ ಓದಿ ಹೇಳಿದಳು. ಇದೇ ಪಿದ್ಯೊಂಗನಿಗೆ ಹಿಂದೊಮ್ಮೆ ಬನ್ನಿನ ತೂಕ ಕಡಿಮೆಯಿದ್ದುದಕ್ಕೆ ದಂಡ ಹಾಕಿದ್ದೆ. ಅಂದಿನಿಂದ ನನ್ನ ಮೇಲೆ ಅವನಿಗೆ ಬಹಳ ಗೌರವ, ಎದುರಿಗಿದ್ದಾಗ.

"ಸೊಪ್ಪು ಅಂದ್ಮೇಲೆ ತರಕಾರಿ ಆಯ್ತಲ್ಲ ಸಾರ್," ಎಂದ. "ಎಷ್ಟು ತಿಂದ್ರೂ ನಡೀತದೆ."

ಮಾತಿನಲ್ಲಿ ತೂಕವಿತ್ತು. ಬನ್ನು ಗಿಳಿಯ ಹಾಗೆ ಹಸಿರಾಗಿತ್ತು. ಎಂಟು ತಿಂದೆ. ನರ್ಸಿನ ಪುಸ್ತಕದಲ್ಲಿ ‘ಬೆಳಗ್ಗೆ ಸೊಪ್ಪು, ಸಂಜೆ ಸೊಪ್ಪು’ ಎಂದು ಬರೆದೆ. ಸುಳ್ಳೇನಲ್ಲ.

ಜನವರಿ 21, ಮಂಗಳವಾರ

291.

"ಎರಡು ಹೊತ್ತೂ ಸೊಪ್ಪು ತಿಂದು ಇನ್ನೂರ ತೊಂಬತ್ತೊಂದಾ ತಾತ? ನಿಮ್ಮನೇಲಿ ಸೊಪ್ಪನ್ನ ಬೆಲ್ಲದಲ್ಲಿ ಬೇಯಿಸ್ತಾರಾ?"

ಬಾಯಿ ಬಿಡಿಸಿಯೇ ಬಿಟ್ಟಳು. ಕೇಳಿ, "ಅದು ಮೈದಾ ತಾತ. ಹಸಿರು ಅಂಗಿ ಹಾಕ್ಕೊಂಡಿರೋ ಮೈದಾ," ಎಂದಳು. ಆಮೇಲೆ ಕಾಳು ಕಾಳಾಗಿ ಕಾಣುವ ಇಡೀ ಗೋಧಿಯ ಬ್ರೆಡ್ಡು, ತೆಳ್ಳಗೆ ಒಂದು ಚೂರು, ಜತೆಗೆ ಮೊಟ್ಟೆ ಎಂದು ಪಾಠ ಮಾಡಿದಳು. ಕೊನೆಗೆ ಜತೆಗೆ ಬಂದಿದ್ದ ಸಾಲಿಂಗ್ ಕಡೆ ತಿರುಗಿ, "ಅಜ್ಜಿ, ನೀವ್ಯಾಕೆ ಇಷ್ಟು ಸೊರಗಿದೀರ?" ಎಂದು ಕೇಳಿದಳು. ರೋಗಿ ನಾನು. ಕೂತಿರುವುದು ನಾನು. ವಿಚಾರಿಸುವುದು ನನ್ನ ಹೆಂಡತಿಯನ್ನು!

ಮನೆಯಲ್ಲಿ ಹಸಿರು ಬನ್ನು ಇಪ್ಪತ್ತೆರಡು ಉಳಿದಿದ್ದವು. ಎರಡು ದಿನದಲ್ಲಿ ಸಾಲಿಂಗ್ ಮುಗಿಸುತ್ತಾಳೆ.

ಫೆಬ್ರವರಿ 3, ಸೋಮವಾರ

ಒಂದು ವಾರ ಪಿದ್ಯೊಂಗನ ಕಂದು ಬ್ರೆಡ್ಡು ತಿಂದೆ. ಕಂದು ಎಂದರೆ ಗೋಧಿ, ಗೋಧಿ ಎಂದರೆ ಔಷಧ ಎಂದು ನಂಬಿದ್ದೆ. ನಿನ್ನೆಯಿಂದ ಮೂಗಿಗೆ ಏನೋ ವಾಸನೆ ಹೊಡೆಯುತ್ತಿತ್ತು. ಕಣ್ಣು ಹೋದರೂ ಇನ್‌ಸ್ಪೆಕ್ಟರ್ ಮೂಗು ಹೋಗಿಲ್ಲ. ಇವತ್ತು ನೇರ ಅವನ ಒಲೆಕೋಣೆಗೆ ನುಗ್ಗಿ ಡಬ್ಬದೊಳಗೆ ಬೆರಳದ್ದಿ ನೆಕ್ಕಿದೆ. ಕಾಕಂಬಿ, ಕಬ್ಬಿನ ಕಪ್ಪು ಪಾಕ!

"ಇದೇನಯ್ಯ?"

"ಬಣ್ಣಕ್ಕೆ ಸಾರ್. ಗಿರಾಕಿಗಳು ಬಣ್ಣ ಕೇಳ್ತಾರೆ, ಗೋಧಿ ಯಾರ್ ಕೇಳ್ತಾರೆ? ಬಿಳೀದಕ್ಕೆ ಇದನ್ನ ಹುಯ್ದ್ರೆ ಆರೋಗ್ಯದ ಬ್ರೆಡ್ಡು."

ಕೆಲಸದಲ್ಲಿ ಇದ್ದಿದ್ದರೆ ಅಂಗಡಿಗೆ ಬೀಗ ಹಾಕಿಸುತ್ತಿದ್ದೆ. ಈಗ ಬೈದು ಬಂದೆ. ಅವನು ಬೈಸಿಕೊಂಡು ಒಂದು ಬ್ರೆಡ್ಡು ಸುಮ್ಮನೆ ಕೊಟ್ಟ. ಅದೂ ಸೇರಿ ಮೂರು ಇಡೀ ಬ್ರೆಡ್ಡು ಮನೆಯಲ್ಲಿವೆ. ಸಾಲಿಂಗ್ ನೀರಿನ ಲೋಟ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಚೂರು ತಿನ್ನುತ್ತಾ ಕೂತಿದ್ದಳು. ಬೇಲಿಯಾಚೆ ನೆರೆಮನೆಯ ಹಂದಿ ಹಸಿದು ಕಿರುಚುತ್ತಿತ್ತು. ಅದರ ಮೇಲೂ ಪುರಸಭೆಗೆ ಒಂದು ದೂರು ಬರೆಯಬೇಕು.

ಫೆಬ್ರವರಿ 9, ಭಾನುವಾರ

ಕೊನೆಗೂ ಕಳ್ಳನನ್ನು ಹಿಡಿದೆ. ಕಳ್ಳ ಬ್ರೆಡ್ಡಲ್ಲ, ಜೊವೆಲಿನ್ ಮನೆಗೆ ಕೊಟ್ಟಿರುವ ಶುಗರ್ ನೋಡುವ ಮಿಷನ್ನು!

ಎರಡು ದಿನದಿಂದ ಪಿದ್ಯೊಂಗನ ಬ್ರೆಡ್ಡು ಮುಟ್ಟಿಲ್ಲ. ಆದರೂ ಬೆಳಗ್ಗೆ 247. ಅಂಕಿ ನನಗೆ ಕಾಣುವುದಿಲ್ಲ, ಸಾಲಿಂಗ್ ಓದಿ ಹೇಳುತ್ತಾಳೆ. ಮಿಷನ್ನೇ ಸರಿಯಿಲ್ಲ ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದಳು.

ಅನುಮಾನದ ತಕ್ಕಡಿಯನ್ನು ಪರೀಕ್ಷಿಸುವುದು ಹೇಗೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಸರ್ಕಾರದ ಮುದ್ರೆಯಿರುವ ಒಂದು ಕಿಲೋ ಬಟ್ಟನ್ನು ಅದರ ಮೇಲಿಡಬೇಕು. ಬಟ್ಟು ಸುಳ್ಳು ಹೇಳುವುದಿಲ್ಲ. ಅಂಕಿ ಹೆಚ್ಚು ಬಂದರೆ ತಪ್ಪು ತಕ್ಕಡಿಯದು. ನಮ್ಮ ಮನೆಯಲ್ಲಿ ಅಂಥ ಬಟ್ಟು ಎಂದರೆ ಸಾಲಿಂಗ್. ನಲವತ್ತು ವರ್ಷದಲ್ಲಿ ಒಂದು ದಿನ ಕಾಯಿಲೆಯೆಂದು ಮಲಗಿದವಳಲ್ಲ. ಮಾತ್ರೆ ನುಂಗಿದವಳಲ್ಲ. ಬಾರೇ ಇಲ್ಲಿ ಎಂದು ಕರೆದು ಅವಳ ಬೆರಳು ಚುಚ್ಚಿದೆ.

ಮಿಷನ್ ಕೀಚ್ ಎಂದಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಎಷ್ಟು?"

"ಮುನ್ನೂರ ಹನ್ನೆರಡು."

ನಾನು ಚಪ್ಪಾಳೆ ತಟ್ಟಿದೆ. ಆನೆಯಂಥ ಆರೋಗ್ಯದ ಹೆಂಗಸಿಗೆ 312! ಇನ್ನೇನು ಸಾಕ್ಷಿ ಬೇಕು? "ನೋಡಿದ್ಯಾ? ಮಿಷನ್ ಕೆಟ್ಟಿದೆ," ಎಂದೆ. "ಹೌದು, ಕೆಟ್ಟಿದೆ," ಎಂದಳು. ಬೆರಳನ್ನು ಉಡುಪಿಗೆ ಒರೆಸಿಕೊಂಡು ನೀರು ಕುಡಿಯಲು ಎದ್ದು ಹೋದಳು. ನಲವತ್ತು ವರ್ಷದಲ್ಲಿ ಅವಳು ವಾದ ಮಾಡದೆ ಒಪ್ಪಿದ್ದು ಇದೇ ಮೊದಲು.

ಫೆಬ್ರವರಿ 11, ಮಂಗಳವಾರ

ಜೊವೆಲಿನ್ ಮುಂದೆ ಮಿಷನ್ ಎತ್ತಿ ಕುಕ್ಕಿದೆ. ಹೆಂಡತಿಯ ಅಂಕಿಯನ್ನೂ ಹೇಳಿದೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಅಜ್ಜಿಗ್ಯಾಕೆ ಚುಚ್ಚಿದ್ರಿ?" ಎಂದಳು. ಮರುಗಳಿಗೆ ನಗು ನಿಲ್ಲಿಸಿ, "ಮುನ್ನೂರ ಹನ್ನೆರಡಾ? ಅವ್ರನ್ನ ಕರ್ಕೊಂಡು ಬನ್ನಿ ತಾತ. ಇದೇ ವಾರ," ಎಂದಳು.

"ಅವಳಿಗೇನಾಗಿದೆ? ಮಿಷನ್ ಬದಲಾಯಿಸಮ್ಮ," ಎಂದೆ.

ಹೊರಗೆ ಬಸುರಿಯರ ಸಾಲು ಕಾಯುತ್ತಿತ್ತು. ಹೊಸ ಮಿಷನ್ ಕೊಟ್ಟಳು. ಅದರಲ್ಲಿ ನನ್ನದು 219. ಸತ್ಯಕ್ಕೆ ಜಯ. ಜೊವೆಲಿನ್ ಹೇಳಿದ್ದನ್ನು ಮನೆಗೆ ಬಂದು ಸಾಲಿಂಗ್‌ಗೆ ಹೇಳಬೇಕೆಂದಿದ್ದೆ. ಗೆದ್ದ ಸಂತೋಷದಲ್ಲಿ ಮರೆತೆ.

ಫೆಬ್ರವರಿ 27, ಗುರುವಾರ

ಮನಿಲಾ ಬಸ್ಸಿನ ಡ್ರೈವರ್ ಕೈಲಿ ತರಿಸಿದ ನಿಜವಾದ ಗೋಧಿ ಬ್ರೆಡ್ಡು ಬಂತು. ಕಾಳು, ತೌಡು, ಸಿಪ್ಪೆ ಎಲ್ಲ ಇದೆ. ಇಟ್ಟಿಗೆಯಷ್ಟು ಭಾರ, ಹುಳಿ ಬೇರೆ. ತೆಳ್ಳನೆಯ ಒಂದು ಚೂರು ತಿಂದು ಮುಗಿಸುವಷ್ಟರಲ್ಲಿ ದವಡೆ ನೋವು ಬಂತು. ಎರಡನೆಯದು ಬೇಡವೇ ಬೇಡ ಎನ್ನಿಸಿತು. ಈ ಬ್ರೆಡ್ಡಿನ ಗುಣವೇ ಅದಿರಬೇಕು.

ಮಿಕ್ಕದ್ದು ಸಾಲಿಂಗ್‌ಗೆ. ಈಚೆಗೆ ಅವಳ ಹೊಟ್ಟೆಗೆ ತಳವೇ ಇಲ್ಲ. ನನ್ನ ಪಾಂಡೆಸಾಲ್‌ಗಳು ಇನ್ನೂ ದಿನಾ ಬರುತ್ತವೆಯಲ್ಲ, ಅವನ್ನೂ ಮುಗಿಸುತ್ತಾಳೆ. ಅಷ್ಟು ತಿಂದರೂ ದಿನದಿನಕ್ಕೆ ತೆಳ್ಳಗಾಗುತ್ತಿದ್ದಾಳೆ! ಮದುವೆಯಾದ ಹೊಸತರಲ್ಲಿ ಹೊಲಿಸಿದ ನೀಲಿ ಉಡುಪು ಇವತ್ತು ಅವಳಿಗೆ ಸರಿಯಾಯಿತು. ಕೆಲವರಿಗೆ ದೇವರು ಅಂಥ ಮೈ ಕೊಟ್ಟಿರುತ್ತಾನೆ. ಕಷ್ಟಪಡಬೇಕಾದವನು ನಾನೊಬ್ಬ.

ಮಾರ್ಚ್ 5, ಬೂದಿ ಬುಧವಾರ

ಹಣೆಗೆ ಬೂದಿ ಇಡಿಸಿಕೊಂಡು ಬಂದೆವು. ಇಗರ್ಜಿಯಿಂದ ಮನೆಗೆ ಹತ್ತು ನಿಮಿಷದ ದಾರಿ, ಸಾಲಿಂಗ್ ಜತೆ ಇವತ್ತು ಅರ್ಧ ಗಂಟೆ ಹಿಡಿಯಿತು. ಹೊಸ ಚಪ್ಪಲಿ ಕಚ್ಚಿ ಕಿರುಬೆರಳಲ್ಲಿ ಗುಳ್ಳೆ ಎದ್ದಿದೆಯಂತೆ. ನೋಯುತ್ತದೆಯೇ ಎಂದೆ. ನೋವೇ ಇಲ್ಲ ಎಂದಳು. ನೋವಿಲ್ಲದಿದ್ದರೆ ಬೇಗ ನಡೆಯಬಾರದೇ?

ಇನ್ನೊಂದು ವಿಚಿತ್ರ. ಬಚ್ಚಲಲ್ಲಿ ಇರುವೆ ಸಾಲುಗಟ್ಟಿವೆ. ಸಕ್ಕರೆ ಕಾಯಿಲೆಯವರ ಮೂತ್ರಕ್ಕೆ ಇರುವೆ ಬರುತ್ತವೆಂದು ನಮ್ಮೂರಿನ ಪ್ರತಿ ಮುದುಕಿಗೂ ಗೊತ್ತು. ಆದರೆ ನನ್ನ ಶುಗರ್ ಇಳಿಯುತ್ತಿದೆ! ನಾನು ಚೊಂಬು ಚೊಂಬು ನೀರು ಸುರಿದರೂ ಮರುದಿನ ಮತ್ತೆ ಬರುತ್ತವೆ. ಇರುವೆಗಳಿಗೆ ಹಳೆಯ ರೂಢಿ ಬಿಡಲು ಕಾಲ ಬೇಕು ಎಂದು ತೀರ್ಮಾನಿಸಿದೆ.

ಮಾರ್ಚ್ 18, ಮಂಗಳವಾರ

164! ಜೊವೆಲಿನ್ ಕೈ ಕುಲುಕಿದಳು. "ಅಜ್ಜಿಯನ್ನ ಕರ್ಕೊಂಡು ಬನ್ನಿ ಅಂದಿದ್ನಲ್ಲ?" ಎಂದಳು. ಬಿಸಿಲು ಎಂದೆ.

ಮನೆಗೆ ಬಂದು ಹೇಳಿದಾಗ ಸಾಲಿಂಗ್ ಕಣ್ಣಲ್ಲಿ ನೀರು ತಂದುಕೊಂಡಳು. "ಇನ್ನು ಮೂರೇ ವಾರ," ಎಂದಳು. ಆಪರೇಷನ್ನಿಗೆ ನನಗಿಂತ ಅವಳಿಗೇ ಅವಸರ.

ಮಾರ್ಚ್ 30, ಭಾನುವಾರ

ಚೌಕದ ಮರದಡಿ ಪಿದ್ಯೊಂಗ್ ಜತೆ ದಾಮಾ ಆಡಿದೆ. ನನ್ನ ಕಾಯಿ ಯಾವುದು, ಅವನದು ಯಾವುದು ಕಾಣದೆ ಅವನ ಕಾಯಿಯನ್ನೇ ನಡೆಸಿ ನನ್ನನ್ನೇ ಸೋಲಿಸಿಕೊಂಡೆ. "ಏಪ್ರಿಲ್ ಕಳೀಲಿ, ನಿನ್ನ ನೋಡ್ಕೋತೀನಿ," ಎಂದೆ. "ಮೊದ್ಲು ನನ್ ಮುಖ ಸರಿಯಾಗಿ ನೋಡಿ ಸಾರ್, ವಯಸ್ಸಾಗ್ಬಿಟ್ಟಿದೆ," ಎಂದ. ಆಮೇಲೆ ದನಿ ತಗ್ಗಿಸಿ, "ಅಮ್ಮಾವ್ರು ಅಂಗಡಿ ಕಡೆ ಬಂದೇ ಇಲ್ವಲ್ಲ, ಹುಷಾರಾಗಿದಾರಾ?" ಎಂದು ಕೇಳಿದ.

ಹುಷಾರಾಗಿದ್ದಾಳೆ. ಈ ಸೆಕೆಯಲ್ಲೂ ಕಾಲುಚೀಲ ಹಾಕಿಕೊಂಡು ಕೂತಿರುತ್ತಾಳೆ. ಸೆಕೆ ಆಗುವುದಿಲ್ಲವೇ ಎಂದರೆ ಚಳಿ ಎನ್ನುತ್ತಾಳೆ. ವಯಸ್ಸಾದಂತೆ ಹೆಂಗಸರ ಚಾಳಿ ಬದಲಾಗುತ್ತದೆ. ಮನೆಯಲ್ಲಿ ಏನೋ ಸತ್ತ ಇಲಿಯ ವಾಸನೆ. ಅಟ್ಟ ಹುಡುಕಬೇಕು.

ಏಪ್ರಿಲ್ 7, ಸೋಮವಾರ

ನಾಳೆ. ಬೆಳಗ್ಗೆ 151 ಇತ್ತು. ಸಾಲಿಂಗ್ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು, ಕೂತುಕೊಂಡೇ. ಕೈ ಮುಟ್ಟಿದಾಗ ಬಿಸಿಯಿತ್ತು. ಇಸ್ತ್ರಿಪೆಟ್ಟಿಗೆಯ ಬಿಸಿ ಇರಬೇಕು.

"ನಾಳೆ ಸಂಜೆ ಪಟ್ಟಿ ಬಿಚ್ಚಿದ ತಕ್ಷಣ ಮೊದಲು ಏನ್ ನೋಡ್ತೀಯ?" ಎಂದು ಕೇಳಿದಳು.

ಪಿದ್ಯೊಂಗನ ತಕ್ಕಡಿ ಎಂದೆ. ತಲೆಗೆ ಮೊಟಕಿದಳು.

ಏಪ್ರಿಲ್ 8, ಮಂಗಳವಾರ

ದೊಡ್ಡಾಸ್ಪತ್ರೆ. 486.

ಏಪ್ರಿಲ್ 10, ಗುರುವಾರ

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಹತ್ತಿದರೂ ಪರವಾಗಿಲ್ಲ.

ಮಂಗಳವಾರ ಬೆಳಗ್ಗೆ ಕಣ್ಣಿನ ಶಿಬಿರ ನಡೆಯುತ್ತಿದ್ದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ನನ್ನ ಶುಗರ್ ನೋಡಿ 158 ಎಂದರು. ಎಡಗಣ್ಣಿನ ಮೇಲೆ ಹಣೆಗೆ ಬಿಳಿ ಟೇಪು ಅಂಟಿಸಿ ಕಾಯಲು ಹೇಳಿದರು. ಸಾಲಿಂಗ್ ಪಕ್ಕದಲ್ಲೇ ಕೂತಿದ್ದಳು. ರೋಗಿಗಳ ಜತೆ ಬಂದವರಿಗೆ ಬ್ರೆಡ್ಡು ಹಂಚುತ್ತಾ ಬಂದ ಒಬ್ಬ ನರ್ಸು ಅವಳ ಮುಂದೆ ನಿಂತು, ಮೂಗು ಅರಳಿಸಿ, ಬಗ್ಗಿ, "ಅಮ್ಮ, ಕಾಲುಚೀಲ ತೆಗೀಲಾ?" ಎಂದಳು. ಬೇಡ ಬೇಡ ಎಂದಳು ಸಾಲಿಂಗ್. ನರ್ಸು ತೆಗೆದೇ ಬಿಟ್ಟಳು.

ನನಗೆ ಕಾಣಲಿಲ್ಲ. ಸುತ್ತಲಿದ್ದವರು ಒಮ್ಮೆಗೇ ಸುಮ್ಮನಾದದ್ದು ಕೇಳಿಸಿತು. ಏನು, ಏನು ಎಂದೆ. ಕಿರುಬೆರಳು ಕಪ್ಪಾಗಿದೆ, ಪಕ್ಕದ್ದೂ ಆಗುತ್ತಿದೆ ಎಂದು ಯಾರೋ ಹೇಳಿದರು. ಬೆರಳು ಚುಚ್ಚಿ ನೋಡಿದರು. ಆ ನರ್ಸು ಅಂಕಿಯನ್ನು ಎರಡು ಸಲ ಓದಿದಳು: 486.

ಆ ಮಿಷನ್ ಕೆಟ್ಟಿರಲಿಲ್ಲ. ಫೆಬ್ರವರಿಯದೂ ಕೆಟ್ಟಿರಲಿಲ್ಲ. ಮೂವತ್ತೊಂದು ವರ್ಷ ಊರವರ ತಕ್ಕಡಿಯಲ್ಲಿ ತಪ್ಪು ಹುಡುಕಿದವನು ನಾನು. ಹೆಂಡತಿಯ ರೋಗ ನನ್ನ ಕೈಯಲ್ಲೇ ಅಂಕಿಯಾಗಿ ಬಂದಾಗ ಚಪ್ಪಾಳೆ ತಟ್ಟಿದೆ.

ಟ್ರೈಸಿಕಲ್‌ನಲ್ಲಿ ಅವಳನ್ನು ಒರಗಿಸಿಕೊಂಡು, ಅವಳ ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಹಿಂದೆ ಮೈಕಿನಲ್ಲಿ ಏನೋ ಕೂಗುತ್ತಿದ್ದರು. ಗುಂಡಿ ಬಂದಾಗಲೆಲ್ಲ ಡ್ರೈವರನಿಗೆ ಬೈದೆ.

ಇವತ್ತು ಜೊವೆಲಿನ್ ಬಂದಿದ್ದಳು. ನನ್ನ ಹಣೆಯಿಂದ ಏನನ್ನೋ ಮೆಲ್ಲಗೆ ಕಿತ್ತಳು, ಎರಡು ದಿನದಿಂದ ಟೇಪು ಅಲ್ಲೇ ಇತ್ತಂತೆ. "ನಿಮ್ ಸರದಿ ಹದಿನೈದನೆಯವ್ರಿಗೆ ಹೋಯ್ತು ತಾತ," ಎಂದಳು.

ಯಾವ ಸರದಿ ಎಂದು ಕೇಳಿದೆ.

ಏಪ್ರಿಲ್ 13, ಗರಿಗಳ ಭಾನುವಾರ

ಶುಕ್ರವಾರ ಎರಡು ಬೆರಳು ತೆಗೆದರು. ಪಾದ ಉಳಿಯುವುದೋ ಇಲ್ಲವೋ ಶುಗರ್ ಮೇಲೆ ನಿಂತಿದೆ ಎಂದರು ಡಾಕ್ಟರು. ಇಳಿದರೆ ಗಾಯ ಮಾಯುತ್ತದೆ. ಇಳಿಯದಿದ್ದರೆ ಕಣಕಾಲಿನವರೆಗೆ. ಅವಳ ಅಮ್ಮನಿಗೂ ಹೀಗೇ ಶುರುವಾಗಿತ್ತು.

ಬಟ್ಟೆ ತರಲು ಮನೆಗೆ ಹೋಗಿದ್ದೆ. ಮೇಜಿನ ಮೇಲೆ ಅರ್ಧ ಚೀಲ ಪಾಂಡೆಸಾಲ್ ಬೂಸು ಹಿಡಿದಿತ್ತು. ಎತ್ತಿಕೊಂಡು ಏನು ಮಾಡುವುದೆಂದು ತಿಳಿಯದೆ ಹಿತ್ತಲಿಗೆ ಬಂದೆ. ಬೇಲಿಯಾಚೆ ಹಂದಿ ಕಿರುಚುತ್ತಿತ್ತು. ಒಂದೊಂದೇ ಎಸೆದೆ. ಲಬಕ್ಕೆಂದು ತಿಂದಿತು. ಬೂಸನ್ನೂ ಬಿಡಲಿಲ್ಲ.

ಹಂದಿಗೆ ಹಾಕಿದರೆ ಬಿಸಾಡಿದ ಹಾಗಲ್ಲ. ಪಾಪವೂ ಇಲ್ಲ. ಊರಲ್ಲಿ ಎಲ್ಲರೂ ಮಿಕ್ಕದ್ದನ್ನು ಹಂದಿಗೇ ಹಾಕುತ್ತಾರೆ. ಮೂರು ತಿಂಗಳು ಆ ಹಂದಿ ಅಲ್ಲೇ ಕೂಗುತ್ತಿತ್ತು. ನಾನು ಅದರ ಮೇಲೆ ದೂರು ಬರೆದೆ, ಬ್ರೆಡ್ಡನ್ನು ಹೆಂಡತಿಯ ತಟ್ಟೆಗೆ ಹಾಕಿದೆ.

ಬೆಳಗ್ಗೆ 290. ಮಧ್ಯಾಹ್ನ 241. ಸಂಜೆ 233. ನಾನೇ ಕೇಳಿ ಬರೆದುಕೊಂಡಿದ್ದೇನೆ.

ಏಪ್ರಿಲ್ 15, ಮಂಗಳವಾರ

ಬೆಳಗ್ಗೆ 212. ಮಧ್ಯಾಹ್ನ 205. ಒಂದು ಮೊಟ್ಟೆ, ಅರ್ಧ ಬಟ್ಟಲು ಅನ್ನ, ಹಾಗಲಕಾಯಿ. ಸಂಜೆ 190. ಗಾಯದ ಬಟ್ಟೆಯಲ್ಲಿ ರಕ್ತ ಕೆಂಪಗಿದೆಯಂತೆ, ಅದು ಒಳ್ಳೆಯದಂತೆ.

ಏಪ್ರಿಲ್ 16, ಬುಧವಾರ

ಬೆಳಗ್ಗೆ 181. ನಾಳೆಯೊಂದು ದಿನ ನೋಡುತ್ತೇವೆ ಎಂದರು ಡಾಕ್ಟರು. ಇಡೀ ದಿನ ಆಪರೇಷನ್ ಕೋಣೆಯ ಬಾಗಿಲಿನ ಕಡೆಗೇ ಮುಖ ಮಾಡಿ ಕೂತಿದ್ದೆ. ಬಾಗಿಲು ನನಗೆ ಒಂದು ಬಿಳಿ ಮಬ್ಬು ಅಷ್ಟೆ.

ಏಪ್ರಿಲ್ 20, ಈಸ್ಟರ್ ಭಾನುವಾರ

ಪಾದ ಉಳಿಯಿತು. ನಿನ್ನೆ ಮನೆಗೆ ಕರೆದುಕೊಂಡು ಬಂದೆ.

ಬೆಳಗ್ಗೆ ಪಿದ್ಯೊಂಗ್ ಬಂದು ಬಾಗಿಲಲ್ಲೇ ನಿಂತ. "ಕಾಕಂಬಿ ಇಲ್ಲ ಸಾರ್, ಆಣೆಗೂ. ಬಟಾಂಗಾಸಿಂದ ಇಡೀ ಗೋಧಿ ಹಿಟ್ಟು ತರ್ಸಿ ಮಾಡ್ದೆ. ಉಬ್ಬಿಲ್ಲ, ಬೈಬೇಡಿ," ಎಂದು ಬೆಚ್ಚಗಿನ ಒಂದು ಪೊಟ್ಟಣವನ್ನು ಕೈಗಿಟ್ಟು ಹೋದ. ತೆಳ್ಳಗೆ ಒಂದು ಚೂರು ಕತ್ತರಿಸಿ, ಮೊಟ್ಟೆಯ ಜತೆ ಸಾಲಿಂಗ್‌ಗೆ ಕೊಟ್ಟೆ. ಅವಳು ನಿಧಾನವಾಗಿ ಅಗಿದು ತಿಂದಳು. ಇನ್ನೊಂದು ಬೇಕು ಎಂದಳು. ಕೊಡಲಿಲ್ಲ. "ಯಾವಾಗಿಂದ ಇಷ್ಟು ಕಟುಕ ಆದೆ?" ಎಂದಳು.

ಒಂದು ವಾರದಿಂದ ಕೇಳಬೇಕೆಂದಿದ್ದುದನ್ನು ಆಗ ಕೇಳಿದೆ.

"ಅವತ್ತು ಬೆರಳು ಚುಚ್ಚಿದಾಗ ಅಂಕಿ ಓದಿದ್ದು ನೀನೇ. ನಿಂಗೆ ಗೊತ್ತಾಗ್ಲಿಲ್ವಾ ಸಾಲಿಂಗ್?"

"ಅದಕ್ಕೂ ಮುಂಚೇನೇ ಗೊತ್ತಿತ್ತು ಕಣೋ. ನಮ್ಮಮ್ಮನ್ನ ಆರು ವರ್ಷ ನೋಡ್ಕೊಂಡೋಳು ನಾನು. ಬಾಯಾರಿಕೆ ಶುರುವಾದ ವಾರವೇ ಗೊತ್ತಾಯ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ಯಾಕೆ ಆ ಬ್ರೆಡ್ಡೆಲ್ಲ ತಿಂದೆ?"

"ಹಸಿವು ತಡೀತಿರ್ಲಿಲ್ಲ. ನೀನು ಬೇರೆ ದಿನಾ ತಂದು ತಂದು ಇಡ್ತಿದ್ದೆ." ಕಾಲಿನ ಬಟ್ಟೆ ಸರಿಮಾಡಿಕೊಂಡಳು. "ಒಂದ್ ಮನೇಲಿ ಇಬ್ರೂ ಒಟ್ಟಿಗೆ ಕಾಯಿಲೆ ಬಿದ್ರೆ ನೋಡ್ಕೊಳ್ಳೋರು ಯಾರು? ನಂಗಿದೆ ಅಂದಿದ್ರೆ ನೀನು ಆಪರೇಷನ್ ಬಿಟ್ಟು ನನ್ ಹಿಂದೆ ಓಡಾಡ್ತಿದ್ದೆ. ಮೊದ್ಲು ನಿನ್ ಕಣ್ಣು ಆಗ್ಲಿ, ಆಮೇಲೆ ಹೇಳೋಣ ಅಂತ ಕಾದೆ. ಅಮ್ಮಂಗೆ ಎಷ್ಟೋ ವರ್ಷ ತಗೊಂಡಿತ್ತು. ನಂಗೆ ಇಷ್ಟು ಬೇಗ ಆಗುತ್ತೆ ಅಂತ ಯಾರಿಗ್ ಗೊತ್ತಿತ್ತು? ಏಪ್ರಿಲ್ ಎಂಟು ಕಳೆದಿದ್ರೆ ಸಾಕಿತ್ತು."

ನಾನು ಎದ್ದು ಅಡುಗೆಮನೆಗೆ ಹೋದೆ. ಗೋಡೆ ಹಿಡಿದುಕೊಂಡು ಅತ್ತೆ. ನನ್ನಂಥ ಕುರುಡನ ಕಣ್ಣಿಗಾಗಿ ಅವಳು ಕಾಲನ್ನೇ ಅಡವಿಟ್ಟು ಕೂತಿದ್ದಳು. ಬದುಕಿನಲ್ಲಿ ಇಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ, ಇಷ್ಟು ಪ್ರೀತಿಯೂ ಬಂದಿರಲಿಲ್ಲ. ಬಹಳ ಹೊತ್ತು ಅಳುತ್ತಾ ನಿಂತಿದ್ದೆ.

ಒಳಗಿನಿಂದ ಅವಳ ದನಿ ಬಂತು. "ತೆಬನ್, ಅಳ್ತಾ ಅಳ್ತಾ ಅಲ್ಲಿರೋ ಬ್ರೆಡ್ ತಿನ್ಬೇಡ."

ತಿನ್ನುತ್ತಿರಲಿಲ್ಲ. ಕೈಯಲ್ಲಿ ಹಿಡಿದುಕೊಂಡಿದ್ದೆ, ಅಷ್ಟೆ.